ಸ್ಕೂಬಾ ಸಾಮಾನು ವಿಮಾನದಲ್ಲಿ ಒಯ್ಯಬೇಕಾ? ಸಿಲಿಂಡರ್ ಬಿಟ್ಟು ಹೋಗಿ, ಬ್ಯಾಟರಿ ಕೈಯಲ್ಲಿ ಹಿಡ್ಕೊಳ್ಳಿ: ಬ್ಯಾಗೇಜ್ ನಿಯಮಗಳ ಪೂರ್ತಿ ಮಾಹಿತಿ

ಮುರುಡೇಶ್ವರ: ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವಿಂಗ್ ಶುರುವಾದ ಮೇಲೆ ಭಟ್ಕಳ ತಾಲೂಕಿನ ಕರಾವಳಿಯಲ್ಲಿ ಹೊಸದೊಂದು ಕಸುಬು ಹುಟ್ಟಿಕೊಂಡಿದೆ. ದೋಣಿಯವರು, ರೂಮು ಬಾಡಿಗೆ ಕೊಡುವವರು, ಟ್ಯಾಕ್ಸಿಯವರು, ಹೋಟೆಲ್‌ನವರು ಎಲ್ಲರಿಗೂ ಅದರಿಂದ ನಾಲ್ಕು ಕಾಸು ಸಿಗ್ತಿದೆ. ಇಲ್ಲೇ ಡೈವಿಂಗ್ ಕಲಿತು ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಕಡೆ ಕೆಲಸ ಹುಡುಕಿಕೊಂಡು ಹೋಗುವ ಹುಡುಗರೂ ಇದ್ದಾರೆ. ಸ್ವಂತ ದುಡ್ಡು ಹಾಕಿ, ಕೆಲವರು ಸಾಲ ಮಾಡಿ, ಒಂದೊಂದೇ ಸಾಮಾನು ಕೂಡಿಸಿಟ್ಟುಕೊಂಡವರು ಇವರು.

ತೊಂದರೆ ಶುರುವಾಗೋದು ಏರ್‌ಪೋರ್ಟ್ ಕೌಂಟರಿನಲ್ಲಿ. ತೂಕ ಜಾಸ್ತಿ ಅಂತ ಅಲ್ಲೇ ದುಡ್ಡು ಕಟ್ಟಬೇಕಾಗುತ್ತೆ, ಇಲ್ಲವೇ ಬ್ಯಾಗ್ ಬಿಚ್ಚಿಸಿ ಬ್ಯಾಟರಿ ತೆಗೆಸ್ತಾರೆ. ಸಿಲಿಂಡರ್ ಕಂಡರಂತೂ ಮುಂದೆ ಹೋಗೋ ಹಾಗೇ ಇಲ್ಲ. ಅಲ್ಲಿ ವಾದ ಮಾಡಿ ಪ್ರಯೋಜನ ಆಗಲ್ಲ. ಮನೆಯಲ್ಲೇ ಸರಿಯಾಗಿ ವಿಂಗಡಿಸಿ ಕಟ್ಟಿಕೊಂಡು ಹೋದರೆ ಮಾತ್ರ ಕೆಲಸ ಸಲೀಸು. ಯಾವುದು ಎಲ್ಲಿ ಇಡಬೇಕು, ಯಾವುದು ಮುಟ್ಟಲೇಬಾರದು ಎನ್ನುವ ವಿವರ ಇಲ್ಲಿದೆ.

ನಿಯಮ ಮಾಡೋದು ಯಾರು?

ವಿಮಾನದಲ್ಲಿ ಅಪಾಯಕಾರಿ ವಸ್ತು ಒಯ್ಯುವ ಬಗ್ಗೆ ಜಗತ್ತಿಗೆಲ್ಲ ಒಂದೇ ಮೂಲ ನಿಯಮ ಇದೆ. ವಿಶ್ವಸಂಸ್ಥೆಯ ಅಂಗವಾದ ಐಸಿಎಒ ಅದನ್ನು ಮಾಡುತ್ತೆ, ವಿಮಾನ ಕಂಪನಿಗಳ ಒಕ್ಕೂಟ ಐಎಟಿಎ ಅದನ್ನೇ ಪುಸ್ತಕ ಮಾಡಿ ಕಂಪನಿಗಳಿಗೆ ಕೊಡುತ್ತೆ. ಭಾರತದಲ್ಲಿ ಅದನ್ನು ಜಾರಿ ಮಾಡೋದು ಡಿಜಿಸಿಎ. ಕೈಯಲ್ಲಿ ಹಿಡಿದು ಒಳಗೆ ಏನು ಒಯ್ಯಬಹುದು, ಏನು ಒಯ್ಯಬಾರದು ಎಂಬ ಭದ್ರತಾ ಪಟ್ಟಿ ಬಿಸಿಎಎಸ್‌ನದ್ದು. ಮಂಗಳೂರಿನಂಥ ಏರ್‌ಪೋರ್ಟ್‌ನಲ್ಲಿ ತಪಾಸಣೆಗೆ ನಿಲ್ಲುವವರು ಸಿಐಎಸ್‌ಎಫ್‌ನವರು.

ತೂಕ, ಚೀಲದ ಸಂಖ್ಯೆ, ಹೆಚ್ಚುವರಿ ಶುಲ್ಕ ಮಾತ್ರ ಆಯಾ ವಿಮಾನ ಕಂಪನಿಯ ಕೈಯಲ್ಲಿದೆ. ಹಾಗಾಗಿ "ಹೋದ ವರ್ಷ ಬಿಟ್ಟಿದ್ರು", "ಇನ್ನೊಂದು ಕಂಪನಿಯವರು ಬಿಡ್ತಾರೆ" ಅನ್ನೋ ಮಾತು ಕೌಂಟರಿನಲ್ಲಿ ನಡೆಯಲ್ಲ.

ಸಿಲಿಂಡರ್: ತುಂಬಿದ್ದರೆ ಇಲ್ಲವೇ ಇಲ್ಲ

ಡೈವಿಂಗ್ ಸಿಲಿಂಡರ್ ಒಳಗೆ ಇರೋದು ಆಕ್ಸಿಜನ್ ಅಂತ ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿ ಇರೋದು ನಾವು ಉಸಿರಾಡುವ ಮಾಮೂಲಿ ಗಾಳಿ, ಒತ್ತಿ ತುಂಬಿದ್ದು ಅಷ್ಟೇ. ಆದರೆ ಅಪಾಯ ಇರೋದು ಆ ಒತ್ತಡದಲ್ಲೇ. ಕಾರಿನ ಟಯರಿಗೆ 30-32 ಪಿಎಸ್‌ಐ ಗಾಳಿ ಹಾಕಿಸ್ತೇವೆ. ಹೆಚ್ಚು ಬಳಕೆಯಲ್ಲಿರುವ ಅಲ್ಯೂಮಿನಿಯಂ ಡೈವಿಂಗ್ ಸಿಲಿಂಡರಿಗೆ ಹಾಕೋದು 3000 ಪಿಎಸ್‌ಐ, ಅಂದರೆ 200 ಬಾರ್‌ಗೂ ಸ್ವಲ್ಪ ಹೆಚ್ಚು. ಟಯರಿನ ನೂರು ಪಟ್ಟು ಹತ್ತಿರ. ಹೀಗಾಗಿ ತುಂಬಿದ ಸಿಲಿಂಡರನ್ನು ಪ್ರಯಾಣಿಕರು ಕೈಚೀಲದಲ್ಲೂ ಒಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಲ್ಲೂ ಹಾಕುವಂತಿಲ್ಲ. ಅರ್ಧ ತುಂಬಿದ್ದರೂ ಅದೇ ಕಥೆ.

ಖಾಲಿ ಸಿಲಿಂಡರಿಗೆ ದಾರಿ ಇದೆ, ಆದರೆ ಸುಲಭದ್ದಲ್ಲ. ಖಾಲಿ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ. ವಾಲ್ವ್ ಬಿಚ್ಚಿ ಒಳಗೆ ಕಾಣೋ ಹಾಗೆ ಇರಬೇಕು, ಮೊದಲೇ ವಿಮಾನ ಕಂಪನಿಯ ಒಪ್ಪಿಗೆಯೂ ಬೇಕು. ಖಾಲಿ ಇದ್ದರೂ ಒಯ್ಯಲ್ಲ ಅಂತ ಕಂಪನಿ ಹೇಳಿದರೆ ಅದೇ ಅಂತಿಮ. ಒಮ್ಮೆ ವಾಲ್ವ್ ಬಿಚ್ಚಿದ ಮೇಲೆ ಒಳಗೆ ತೇವ, ಧೂಳು ಸೇರುತ್ತೆ. ಮತ್ತೆ ತುಂಬುವ ಮೊದಲು ಗೊತ್ತಿದ್ದವರಿಂದ ಒಳಭಾಗ ಪರೀಕ್ಷೆ ಮಾಡಿಸಬೇಕು.

ಅದಕ್ಕಿಂತ ದೊಡ್ಡ ಪ್ರಶ್ನೆ ತೂಕದ್ದು. ಈ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯೇ 14 ಕೆ.ಜಿ. ದಾಟುತ್ತೆ. ಟಿಕೆಟ್ಟಿನ ಜೊತೆ ಸಿಗೋ 15 ಕೆ.ಜಿ. ಅದಕ್ಕೇ ಮುಗಿದು ಹೋಯ್ತು. ಡೈವಿಂಗ್ ನಡೆಯುವ ಊರಲ್ಲೆಲ್ಲ ಸಿಲಿಂಡರ್ ಮತ್ತು ಸೊಂಟಕ್ಕೆ ಕಟ್ಟುವ ಸೀಸದ ತೂಕ ಅಲ್ಲೇ ಕೊಡ್ತಾರೆ. ಆದ್ದರಿಂದ ಇವೆರಡನ್ನೂ ಊರಿಂದ ಹೊತ್ತುಕೊಂಡು ಹೋಗೋದು ವ್ಯರ್ಥ. ಸೀಸದ ಗಟ್ಟಿ ಎಕ್ಸ್-ರೇಯಲ್ಲಿ ಕಪ್ಪಗೆ ಕಾಣೋದರಿಂದ ಬ್ಯಾಗ್ ಬಿಚ್ಚಿಸೋದಂತೂ ಖಾತ್ರಿ.

ತೂಕದ ಲೆಕ್ಕ: ಅಂಗಡಿ ತಕ್ಕಡಿಯಲ್ಲೇ ನೋಡಿಕೊಳ್ಳಿ

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಎಕಾನಮಿ ಟಿಕೆಟ್ಟಿಗೆ ಚೆಕ್-ಇನ್ 15 ಕೆ.ಜಿ., ಕೈಚೀಲ 7 ಕೆ.ಜಿ. ಎನ್ನುವುದೇ ಹೆಚ್ಚಿನ ಕಡೆ ಇರುವ ಲೆಕ್ಕ. ಚೆಕ್-ಇನ್ನೇ ಇಲ್ಲದ ಅಗ್ಗದ ಟಿಕೆಟ್ಟೂ ಇರುತ್ತೆ. ಬುಕ್ ಮಾಡುವಾಗಲೇ ಓದಿಕೊಳ್ಳಬೇಕು.

ಒಂದು ಸೆಟ್ ಸಾಮಾನು ಎಷ್ಟು ತೂಗುತ್ತೆ ಅನ್ನೋದು ಅಂದಾಜಿಗೆ ಹೀಗಿದೆ:

- ಬಿಸಿಡಿ, ಅಂದರೆ ಗಾಳಿ ತುಂಬುವ ಜಾಕೆಟ್: 3ರಿಂದ 4 ಕೆ.ಜಿ.
- ರೆಗ್ಯುಲೇಟರ್, ಪೈಪು ಮತ್ತು ಗೇಜ್ ಸೇರಿ: 2ರಿಂದ 2.5 ಕೆ.ಜಿ.
- ಫಿನ್ಸ್ ಒಂದು ಜೊತೆ: ಸುಮಾರು 2 ಕೆ.ಜಿ.
- ವೆಟ್‌ಸೂಟ್, ತೆಳುವಿನದು: 1.5 ಕೆ.ಜಿ. ಆಸುಪಾಸು
- ಬೂಟು: ಸುಮಾರು 1 ಕೆ.ಜಿ.
- ಮಾಸ್ಕ್, ಸ್ನಾರ್ಕೆಲ್, ಟಾರ್ಚ್, ಕಂಪ್ಯೂಟರ್ ಎಲ್ಲ ಸೇರಿ: 1 ಕೆ.ಜಿ.

ಒಟ್ಟು 11-12 ಕೆ.ಜಿ. ಆಯ್ತು. ಗಾಲಿ ಇರುವ ದೊಡ್ಡ ಬ್ಯಾಗ್ ತಾನೇ 3-4 ಕೆ.ಜಿ. ತೂಗುತ್ತೆ. ಒಂದು ಅಂಗಿ, ಒಂದು ಲುಂಗಿ ಹಾಕುವ ಮೊದಲೇ 15 ಮುಗಿದಿರುತ್ತೆ. ಅದಕ್ಕೇ ಹಳಬರು ಗಾಲಿ ಇಲ್ಲದ ಹಗುರ ಬಟ್ಟೆಯ ಚೀಲ ಬಳಸ್ತಾರೆ. ವೆಟ್‌ಸೂಟ್ ಒದ್ದೆ ಇದ್ದರೆ ನೀರಿನ ತೂಕವೂ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಹೊರಡುವ ಎರಡು ದಿನ ಮೊದಲೇ ತೊಳೆದು ನೆರಳಲ್ಲಿ ಒಣಗಿಸಿಕೊಳ್ಳಬೇಕು.

ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ಕಿರಾಣಿ ಅಂಗಡಿಯ ಅಥವಾ ಮೀನು ಮಾರ್ಕೆಟ್ಟಿನ ತಕ್ಕಡಿಯಲ್ಲಿ ಬ್ಯಾಗ್ ಇಟ್ಟು ನೋಡಿದರೂ ಸಾಕು. ಜಾಸ್ತಿ ಬಂದರೆ ಏರ್‌ಪೋರ್ಟಿಗೆ ಹೋಗುವ ಮೊದಲೇ ಕಂಪನಿಯ ಆ್ಯಪ್‌ನಲ್ಲಿ ಹೆಚ್ಚುವರಿ ಕೆ.ಜಿ. ಕೊಂಡುಕೊಳ್ಳಿ. ಕೌಂಟರಿನಲ್ಲಿ ಕೆ.ಜಿ. ಲೆಕ್ಕದಲ್ಲಿ ಕಟ್ಟುವ ದುಡ್ಡಿಗಿಂತ ಮುಂಗಡ ಕೊಂಡದ್ದು ಕಮ್ಮಿಗೇ ಬೀಳುತ್ತೆ. ಕೆಲವು ಕಂಪನಿಗಳಲ್ಲಿ ಕ್ರೀಡಾ ಸಾಮಗ್ರಿಗೆ ಬೇರೆಯೇ ದರ ಇದೆ, ಎರಡನ್ನೂ ಹೋಲಿಸಿ ನೋಡಿ. ದುಡ್ಡು ಕೊಟ್ಟರೂ ಒಂದೇ ಬ್ಯಾಗ್ 32 ಕೆ.ಜಿ. ದಾಟಬಾರದು. ಲೋಡರ್‌ಗಳ ಬೆನ್ನು ಉಳಿಯಲಿ ಅಂತ ಇರುವ ಮಿತಿ ಅದು.

ಬ್ಯಾಟರಿ: ಬಿಡಿ ಬ್ಯಾಟರಿ ಕೈಚೀಲದಲ್ಲೇ

ಚೆಕ್-ಇನ್ ಬ್ಯಾಗ್ ತೆಗೆಸಿ ಬಿಚ್ಚಿಸುವುದಕ್ಕೆ ದೊಡ್ಡ ಕಾರಣ ಲಿಥಿಯಂ ಬ್ಯಾಟರಿ. ಅದು ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳುತ್ತೆ. ಸೀಟಿನ ಹತ್ತಿರ ಹೊತ್ತಿಕೊಂಡರೆ ಸಿಬ್ಬಂದಿ ಆರಿಸಬಹುದು, ಕೆಳಗಿನ ಸರಕು ಕೋಣೆಯಲ್ಲಿ ಹೊತ್ತಿಕೊಂಡರೆ ಹೋಗಿ ನೋಡುವವರೇ ಇಲ್ಲ. ನಿಯಮದ ಹಿಂದಿರೋದು ಇಷ್ಟೇ.

ಹಾಗಾಗಿ ಟಾರ್ಚಿನ ಹೆಚ್ಚುವರಿ ಬ್ಯಾಟರಿ, ಕ್ಯಾಮೆರಾ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲವೂ ಕೈಚೀಲದಲ್ಲೇ ಇರಬೇಕು. ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಬೇಕು, ಇಲ್ಲವೇ ತುದಿಗಳಿಗೆ ಟೇಪ್ ಸುತ್ತಬೇಕು. ಚಿಲ್ಲರೆ ಕಾಸು, ಬೀಗದ ಕೈ ಇರುವ ಜೇಬಿಗೆ ಬಿಡಿ ಬ್ಯಾಟರಿ ಹಾಕಿಕೊಳ್ಳೋದು ಬೇಡವೇ ಬೇಡ.

ಎಷ್ಟು ದೊಡ್ಡದು ಒಯ್ಯಬಹುದು ಅನ್ನೋದನ್ನ ವ್ಯಾಟ್-ಅವರ್‌ನಲ್ಲಿ ಅಳೀತಾರೆ. ಬ್ಯಾಟರಿ ಮೇಲೆ ಅದು ಬರೆದಿಲ್ಲದಿದ್ದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಸಿಗುತ್ತೆ. 3400 ಎಂಎಎಚ್ ಅಂದರೆ 3.4 ಆಂಪಿಯರ್-ಅವರ್.

- ಸಾಮಾನ್ಯ ಟಾರ್ಚ್ ಸೆಲ್: 3.7 ವೋಲ್ಟ್ × 3.4 = ಸುಮಾರು 12.6 ವ್ಯಾಟ್-ಅವರ್. ತೊಂದರೆ ಇಲ್ಲ.
- 20,000 ಎಂಎಎಚ್ ಪವರ್ ಬ್ಯಾಂಕ್: 3.7 × 20 = 74 ವ್ಯಾಟ್-ಅವರ್. ತೊಂದರೆ ಇಲ್ಲ.
- ದೊಡ್ಡ ವಿಡಿಯೋ ಲೈಟಿನ ಪ್ಯಾಕ್: 14.8 ವೋಲ್ಟ್ × 7 = 103.6 ವ್ಯಾಟ್-ಅವರ್. ಇದಕ್ಕೆ ಅನುಮತಿ ಬೇಕು.

100 ವ್ಯಾಟ್-ಅವರ್ ಒಳಗಿದ್ದರೆ ಪ್ರತ್ಯೇಕ ಒಪ್ಪಿಗೆ ಬೇಡ. 100ರಿಂದ 160ರ ನಡುವೆ ಇದ್ದರೆ ಕಂಪನಿಯ ಒಪ್ಪಿಗೆ ಬೇಕು, ಬಿಡಿಯಾಗಿ ಎರಡಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. 160 ದಾಟಿದರೆ ಪ್ರಯಾಣಿಕರ ಸಾಮಾನಿನಲ್ಲಿ ಅದಕ್ಕೆ ಜಾಗ ಇಲ್ಲ. ನೀರೊಳಗೆ ಎಳೆದುಕೊಂಡು ಹೋಗುವ ಸ್ಕೂಟರ್ ಕೊಳ್ಳುವವರು ಮೊದಲು ಈ ಅಂಕಿ ನೋಡಿಯೇ ಕೊಳ್ಳಬೇಕು. ಸ್ಥಳೀಯ ಮೊಬೈಲ್ ಅಂಗಡಿಗಳಲ್ಲಿ ಮೇಲೆ ಏನೂ ಬರೆಯದ ಅಗ್ಗದ ಸೆಲ್ ಸಿಗುತ್ತವೆ. ಅಳತೆ ಅಚ್ಚಾಗಿಲ್ಲದ ಬ್ಯಾಟರಿ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಅದು ಇಷ್ಟೇ ವ್ಯಾಟ್-ಅವರ್ ಅಂತ ತೋರಿಸೋಕೆ ದಾರಿ ಇರಲ್ಲ.

ಡೈವಿಂಗ್ ಟಾರ್ಚಿಗೆ ಬೇರೆ ನಿಯಮವೇ ಇದೆ

ನೀರೊಳಗೆ ಬಳಸುವ ಜೋರು ಬೆಳಕಿನ ಟಾರ್ಚನ್ನು ಐಎಟಿಎ ಪುಸ್ತಕ ಹೆಸರಿಟ್ಟೇ ಹೇಳುತ್ತೆ. ನೀರಲ್ಲಿದ್ದಾಗ ಅದರ ಬಿಸಿಯನ್ನು ನೀರು ಹೀರುತ್ತೆ. ಬ್ಯಾಗಿನೊಳಗೆ ಬಟ್ಟೆ ಮಧ್ಯೆ ಗುಂಡಿ ಒತ್ತಿ ಹೋಗಿ ಹೊತ್ತಿಕೊಂಡರೆ ಆ ಬಿಸಿಗೆ ಬಟ್ಟೆ ಸುಡುತ್ತೆ. ಅದಕ್ಕೇ ಬ್ಯಾಟರಿ ಇಲ್ಲವೇ ಬಲ್ಬಿನ ಭಾಗ ಬಿಚ್ಚಿ ಬೇರೆ ಇಡಬೇಕು, ಕಂಪನಿಯ ಒಪ್ಪಿಗೆಯನ್ನೂ ಪಡೆಯಬೇಕು. "ಆಫ್ ಮಾಡಿದೀನಿ" ಅಂದರೆ ಸಾಲದು. ಬಿಚ್ಚಿದ ಬ್ಯಾಟರಿ ಮತ್ತೆ ಕೈಚೀಲಕ್ಕೆ.

ಯಾವುದು ಕೈಯಲ್ಲಿ, ಯಾವುದು ಕೆಳಗೆ

ಕೈಚೀಲದಲ್ಲಿ ಇಡಬೇಕಾದ್ದು: ರೆಗ್ಯುಲೇಟರ್, ಡೈವ್ ಕಂಪ್ಯೂಟರ್, ಮಾಸ್ಕ್, ಕ್ಯಾಮೆರಾ, ಬಿಡಿ ಬ್ಯಾಟರಿಗಳು, ಡೈವಿಂಗ್ ಕಾರ್ಡ್ ಮತ್ತು ಲಾಗ್ ಬುಕ್. ಬೆಲೆಬಾಳುವುದು, ಒಡೆಯುವುದು, ಜೀವ ಉಳಿಸುವುದು ಎಲ್ಲ ಜೊತೆಗೇ ಇರಲಿ. ರೆಗ್ಯುಲೇಟರ್ ಕೈಚೀಲಕ್ಕೆ ಬಂದರೆ ಚೆಕ್-ಇನ್‌ನಲ್ಲಿ ಎರಡು ಕೆ.ಜಿ. ಉಳೀತು ಅಂತಲೂ ಆಯ್ತು. ಪೈಪು, ಗೇಜು ಎಕ್ಸ್-ರೇಯಲ್ಲಿ ವಿಚಿತ್ರವಾಗಿ ಕಾಣೋದರಿಂದ ತೆಗೆದು ತೋರಿಸಿ ಅನ್ನಬಹುದು. ಮೇಲ್ಗಡೆಯೇ ಇಟ್ಟುಕೊಂಡು, ಡೈವಿಂಗ್ ಕಾರ್ಡ್ ತೋರಿಸಿ ಎರಡು ಮಾತಲ್ಲಿ ಹೇಳಿದರೆ ಬೇಗ ಮುಗಿಯುತ್ತೆ.

ಚೆಕ್-ಇನ್‌ಗೆ ಹಾಕಬೇಕಾದ್ದು: ಬಿಸಿಡಿ, ವೆಟ್‌ಸೂಟ್, ಫಿನ್ಸ್, ಬೂಟು, ಸ್ಪ್ಯಾನರ್, ಸ್ಕ್ರೂ ಡ್ರೈವರ್ ಮತ್ತು ಡೈವಿಂಗ್ ಚಾಕು. ಚಾಕು ಕೈಚೀಲದಲ್ಲಿ ಸಿಕ್ಕರೆ ಅಲ್ಲೇ ಬಿಟ್ಟು ಹೋಗಬೇಕು. ಚೆಕ್-ಇನ್‌ನಲ್ಲೂ ಒರೆಗೆ ಹಾಕಿ, ಬಟ್ಟೆ ಸುತ್ತಿ ಇಡಿ. ಬ್ಯಾಗ್ ಬಿಚ್ಚುವ ಸಿಬ್ಬಂದಿಯ ಕೈ ಕುಯ್ಯಬಾರದು.

ಎಲ್ಲಿಯೂ ಹಾಕಬಾರದ್ದು: ವೆಟ್‌ಸೂಟ್ ಹರಿದರೆ ಹಚ್ಚುವ ರಬ್ಬರ್ ಅಂಟು. ಅದು ಬೆಂಕಿ ಹಿಡಿಯುವ ದ್ರವ. ಜಿಪ್ಪಿಗೆ, ರಬ್ಬರಿಗೆ ಹೊಡೆಯುವ ಬೆಂಕಿ ಹಿಡಿಯುವ ಸ್ಪ್ರೇ ಡಬ್ಬಿಯದೂ ಅದೇ ಗತಿ. ಹೋದ ಊರಲ್ಲೇ ಕೊಂಡುಕೊಳ್ಳಿ. ಎಳೆದರೆ ತಾನಾಗಿ ಉಬ್ಬುವ ಲೈಫ್ ಜಾಕೆಟ್‌ನಲ್ಲಿ ಸಣ್ಣ ಗ್ಯಾಸ್ ಕಾಟ್ರಿಜ್ ಇರುತ್ತೆ. ಅದನ್ನು ಒಯ್ಯೋಕೆ ಅವಕಾಶ ಇದೆ, ಆದರೆ ಕಂಪನಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು.

ಪ್ಯಾಕಿಂಗ್ ಹೀಗಿರಲಿ

ಫಿನ್ಸನ್ನು ಬ್ಯಾಗಿನ ಎರಡೂ ಬದಿಗೆ ಗೋಡೆಯ ಹಾಗೆ ನಿಲ್ಲಿಸಿ, ನಡುವೆ ಬಿಸಿಡಿ ಇಟ್ಟು, ಮೇಲೆ ಕೆಳಗೆ ವೆಟ್‌ಸೂಟ್ ಹಾಸಿದರೆ ಹಾಸಿಗೆಯಂತೆ ರಕ್ಷಣೆ ಸಿಗುತ್ತೆ. ಬಿಸಿಡಿಯೊಳಗೆ ಉಳಿದ ನೀರನ್ನು ಪೂರ್ತಿ ಬಸಿಯಿರಿ. ರೆಗ್ಯುಲೇಟರ್ ಬಾಯಿಗೆ ಧೂಳಿನ ಮುಚ್ಚಳ ಹಾಕಿ, ಪೈಪುಗಳನ್ನು ಮಡಚದೆ ದುಂಡಗೆ ಸುತ್ತಿ. ಕ್ಯಾಮೆರಾದ ನೀರು ನಿರೋಧಕ ಡಬ್ಬಿಯ ರಬ್ಬರ್ ಉಂಗುರ ತೆಗೆದಿಡಿ. ಮೇಲಕ್ಕೆ ಹೋದಂತೆ ಹೊರಗಿನ ಒತ್ತಡ ಕಡಿಮೆ ಆಗುತ್ತೆ, ಬಿಗಿಯಾಗಿ ಮುಚ್ಚಿದ ಡಬ್ಬಿ ಮತ್ತೆ ತೆರೆಯೋಕೆ ಬರದೆ ಸತಾಯಿಸುತ್ತೆ.

ಮುಚ್ಚುವ ಮೊದಲು ಬ್ಯಾಗಿನೊಳಗಿನ ಸಾಮಾನಿನ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಬಿಲ್ಲುಗಳ ಫೋಟೋ ಕೂಡ. ಮುಂದೆ ಕೆಲಸಕ್ಕೆ ಬರುತ್ತೆ.

ಅನುಮತಿ ಬಾಯಿಮಾತಲ್ಲ, ಬರಹದಲ್ಲಿ

ಟಾರ್ಚ್, ದೊಡ್ಡ ಬ್ಯಾಟರಿ, ಖಾಲಿ ಸಿಲಿಂಡರ್, ಕಾಟ್ರಿಜ್ ಇವುಗಳಿಗೆ ಒಪ್ಪಿಗೆ ಬೇಕು ಅಂತ ಮೇಲೆ ಹೇಳಿದೆಯಲ್ಲ, ಅದನ್ನು ಫೋನ್‌ನಲ್ಲಿ ಕೇಳಿ ಸುಮ್ಮನಾಗಬಾರದು. ಪಿಎನ್‌ಆರ್ ಸಂಖ್ಯೆ ಹಾಕಿ, ಸಾಮಾನಿನ ಹೆಸರು, ಬ್ಯಾಟರಿಯ ವ್ಯಾಟ್-ಅವರ್ ಬರೆದು ಇಮೇಲ್ ಮಾಡಿ. ಬಂದ ಉತ್ತರದ ಪ್ರಿಂಟ್ ತೆಗೆದುಕೊಂಡು ಹೋಗಿ. ಕಾಲ್ ಸೆಂಟರಿನಲ್ಲಿ ಯಾರೋ ಹೇಳಿದ ಮಾತು ಕೌಂಟರಿನಲ್ಲಿ ಇರುವವರಿಗೆ ಗೊತ್ತಿರಲ್ಲ.

ಎರಡು ವಿಮಾನ ಬದಲಿಸುವವರು ಗಮನಿಸಿ

ಮಂಗಳೂರು, ಹುಬ್ಬಳ್ಳಿ, ಗೋವಾ ಎಲ್ಲಿಂದ ಹೊರಟರೂ ಅಂಡಮಾನಿಗೆ ಸಾಮಾನ್ಯವಾಗಿ ಬೆಂಗಳೂರು ಅಥವಾ ಚೆನ್ನೈಯಲ್ಲಿ ವಿಮಾನ ಬದಲಿಸಬೇಕು. ಒಂದೇ ಟಿಕೆಟ್ ಆದರೆ ಬ್ಯಾಗ್ ನೇರ ಕೊನೆಯ ಊರಿಗೆ ಹೋಗುತ್ತೆ. ಅಗ್ಗ ಸಿಕ್ಕಿತು ಅಂತ ಎರಡು ಬೇರೆ ಕಂಪನಿಯ ಟಿಕೆಟ್ ಮಾಡಿದರೆ ಮಧ್ಯದಲ್ಲಿ ಬ್ಯಾಗ್ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಹೆಚ್ಚುವರಿ ತೂಕದ ದುಡ್ಡೂ ಎರಡು ಸಲ.

ಲಕ್ಷದ್ವೀಪದ ಅಗತ್ತಿಗೆ ಕೊಚ್ಚಿಯಿಂದ ಹೋಗುವುದು ಸಣ್ಣ ವಿಮಾನ. ಅಲ್ಲಿನ ರನ್‌ವೇ ಕೂಡ ಗಿಡ್ಡ. ತೂಕದಲ್ಲಿ ಸಡಿಲಿಕೆ ಸಿಗುತ್ತೆ ಅಂತ ನಂಬಿಕೊಂಡು ಹೋಗಬಾರದು.

ಮಾಲ್ಡೀವ್ಸ್, ಗಲ್ಫ್ ಕಡೆ ಹೊರಟವರು ಬೆಲೆಬಾಳುವ ಕ್ಯಾಮೆರಾ, ಕಂಪ್ಯೂಟರ್ ಇದ್ದರೆ ಹೊರಡುವಾಗಲೇ ಏರ್‌ಪೋರ್ಟಿನ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ ಬರುವಾಗ "ಇದು ಹೊರದೇಶದಲ್ಲಿ ಕೊಂಡಿದ್ದಲ್ಲವೇ, ಸುಂಕ ಕಟ್ಟಿ" ಅನ್ನೋ ಪ್ರಶ್ನೆ ಬರಲ್ಲ.

ಬ್ಯಾಗ್ ಒಡೆದರೆ, ಕಳೆದರೆ

ದೇಶದೊಳಗಿನ ಪ್ರಯಾಣದಲ್ಲಿ ಬ್ಯಾಗ್ ಕಳೆದರೂ ಹಾಳಾದರೂ ಕಂಪನಿಯ ಹೊಣೆ ಒಬ್ಬ ಪ್ರಯಾಣಿಕನಿಗೆ ಗರಿಷ್ಠ 20,000 ರೂಪಾಯಿ. ಒಳ್ಳೆಯ ರೆಗ್ಯುಲೇಟರ್ ಒಂದರ ಬೆಲೆಯೇ ಅದಕ್ಕಿಂತ ಹೆಚ್ಚು. ಅದಕ್ಕೇ ಬೆಲೆಬಾಳುವುದು ಕೈಯಲ್ಲಿರಲಿ ಅನ್ನೋದು. ಹೆಚ್ಚಿನ ಬೆಲೆಯ ಸಾಮಾನು ಚೆಕ್-ಇನ್‌ಗೆ ಹಾಕಲೇಬೇಕಿದ್ದರೆ ಮೊದಲೇ ಅದರ ಮೌಲ್ಯ ಘೋಷಿಸಿ ಶುಲ್ಕ ಕಟ್ಟುವ ಅವಕಾಶ ಕೇಳಬಹುದು.

ಬೆಲ್ಟಿನಿಂದ ಬ್ಯಾಗ್ ತೆಗೆದುಕೊಂಡ ಕೂಡಲೇ ಅಲ್ಲೇ ಬಿಚ್ಚಿ ನೋಡಿ. ಮನೆಗೆ ಬಂದು ನೋಡಿದರೆ ತಡ. ಹಾಳಾಗಿದ್ದರೆ, ಬರದಿದ್ದರೆ, ಹೊರಗೆ ಬರುವ ಮೊದಲೇ ಕಂಪನಿಯ ಕೌಂಟರಿನಲ್ಲಿ ಪಿಐಆರ್ ಎನ್ನುವ ದೂರು ಪತ್ರ ಬರೆಸಿ ಪ್ರತಿ ಪಡೆಯಿರಿ. ಹಾಳಾದ ಸಾಮಾನಿಗೆ 7 ದಿನದೊಳಗೆ, ತಡವಾಗಿ ಬಂದ ಬ್ಯಾಗಿಗೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಕಂಪನಿ ಉತ್ತರ ಕೊಡದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಬಹುದು. ಆಗ ಆ ಫೋಟೋ, ಬಿಲ್ಲುಗಳೇ ಸಾಕ್ಷಿ.

ಬ್ಯಾಗ್ ರೆಡಿ, ಮೈ ರೆಡಿನಾ?

ಯಾವ ಕೌಂಟರಿನಲ್ಲೂ ಯಾರೂ ಕೇಳದ ನಿಯಮ ಒಂದಿದೆ. ಜೀವಕ್ಕೆ ಸಂಬಂಧಿಸಿದ್ದು ಅದೇ. ಡೈವ್ ಮಾಡುವಾಗ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ಮೈಯೊಳಗೆ ಕರಗಿರುತ್ತೆ. ಅದು ನಿಧಾನವಾಗಿ ಹೊರಹೋಗಬೇಕು. ವಿಮಾನದೊಳಗಿನ ಗಾಳಿಯ ಒತ್ತಡ 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಆಗ ಉಳಿದ ನೈಟ್ರೋಜನ್ ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆಯಾಗುತ್ತೆ. ಕೀಲು ನೋವು, ಜೋಮು, ತಲೆ ಸುತ್ತು, ವಿಪರೀತ ಸುಸ್ತು ಇದರ ಲಕ್ಷಣ. ಕೆಲವೊಮ್ಮೆ ಕೈಕಾಲು ಸ್ವಾಧೀನ ತಪ್ಪುತ್ತೆ.

ಡೈವರ್‌ಗಳ ಸುರಕ್ಷತೆ ನೋಡುವ ಡಾನ್ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಒಂದೇ ಒಂದು ಸಾಧಾರಣ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಮೇಲೆ ಬರುವಾಗ ನಡುವೆ ನಿಂತು ನಿಂತು ಬರಬೇಕಾದಂಥ ಆಳದ ಡೈವ್ ಮಾಡಿದವರು ಅದಕ್ಕಿಂತಲೂ ಹೆಚ್ಚು. ಲೆಕ್ಕ ಬೇಡ ಅನ್ನುವವರು ಒಂದು ಪೂರ್ತಿ ದಿನ ಬಿಟ್ಟರೆ ನಿಶ್ಚಿಂತೆ. ನೀರ ಮೇಲೆ ತೇಲಿ ಸ್ನಾರ್ಕೆಲಿಂಗ್ ಮಾತ್ರ ಮಾಡಿದವರಿಗೆ ಇದು ಅನ್ವಯಿಸಲ್ಲ.

ನೇತ್ರಾಣಿಗೆ ಬರುವ ಪ್ರವಾಸಿಗರ ವಿಷಯದಲ್ಲಿ ರೂಮಿನವರು, ಟ್ಯಾಕ್ಸಿಯವರು ಇದನ್ನು ತಿಳಿದಿರಬೇಕು. ಬೆಳಿಗ್ಗೆ 10.30ಕ್ಕೆ ಒಂದು ಡೈವ್ ಮುಗಿಸಿದವರಿಗೆ ರಾತ್ರಿ 10.30ರ ಮೊದಲು ವಿಮಾನ ಇಲ್ಲ. ಸಂಜೆ ಮಂಗಳೂರಿಂದ ಫ್ಲೈಟ್ ಇದೆ, ಬೇಗ ಬಿಡಿ ಅಂತ ಗಿರಾಕಿ ಕೇಳಿದರೆ ಟಿಕೆಟ್ ಮುಂದಕ್ಕೆ ಹಾಕಿಸಿ ಅಂತ ಹೇಳುವುದೇ ಉಪಕಾರ. ಆ ಮಾರ್ಗಸೂಚಿ ಲೆಕ್ಕ ಹಿಡಿಯುವ ಎತ್ತರ 600 ಮೀಟರಿನಿಂದಲೇ ಶುರು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಎರಡು ದಿನ ಸಾಲಾಗಿ ಡೈವ್ ಮಾಡಿದವರು ಅದೇ ಸಂಜೆ ಘಟ್ಟ ಹತ್ತೋದಕ್ಕಿಂತ ಒಂದು ರಾತ್ರಿ ಇಲ್ಲೇ ತಂಗಿ ಹೋಗೋದು ಒಳ್ಳೆಯದು. ಲಕ್ಷಣ ಕಂಡರೆ ತಿಕ್ಕುವುದು, ಎಣ್ಣೆ ಹಚ್ಚುವುದು ಬಿಟ್ಟು ಡೈವಿಂಗ್ ಮಾಡಿದ್ದೇವೆ ಅಂತ ಹೇಳಿ ಆಕ್ಸಿಜನ್ ಇರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು.

ಹೊರಡುವ ಹಿಂದಿನ ದಿನ ನೋಡಿಕೊಳ್ಳಿ

- ಸಿಲಿಂಡರ್, ಸೀಸದ ತೂಕ ಮನೆಯಲ್ಲೇ ಉಳಿದಿದೆಯಾ?
- ಬ್ಯಾಗ್ ತೂಕ ಮಾಡಿ ಆಯ್ತಾ? ಹೆಚ್ಚುವರಿ ಕೆ.ಜಿ. ಮುಂಗಡ ಕೊಂಡಾಯ್ತಾ?
- ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲಿವೆಯಾ? ತುದಿಗೆ ಟೇಪ್ ಇದೆಯಾ?
- ಟಾರ್ಚಿನ ಬ್ಯಾಟರಿ ಬಿಚ್ಚಿ ಆಯ್ತಾ? ಒಪ್ಪಿಗೆಯ ಪ್ರಿಂಟ್ ಇದೆಯಾ?
- ಚಾಕು ಚೆಕ್-ಇನ್ ಬ್ಯಾಗಲ್ಲಿದೆಯಾ? ಅಂಟು, ಸ್ಪ್ರೇ ತೆಗೆದಾಯ್ತಾ?
- ಫೋಟೋ, ಬಿಲ್ಲು ಮೊಬೈಲ್‌ನಲ್ಲಿವೆಯಾ?
- ಕೊನೆಯ ಡೈವ್ ಆಗಿ ಎಷ್ಟು ಗಂಟೆ ಆಯ್ತು?

ಏಳಕ್ಕೂ ಸರಿಯಾದ ಉತ್ತರ ಸಿಕ್ಕರೆ ಬ್ಯಾಗ್ ಎತ್ತಿಕೊಂಡು ಹೊರಡಬಹುದು. ತೂಕ, ಶುಲ್ಕ ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡುವ ದಿನ ಕಂಪನಿಯ ಪುಟದಲ್ಲಿ ಇನ್ನೊಮ್ಮೆ ನೋಡಿಕೊಳ್ಳುವುದು ಮರೆಯಬೇಡಿ.